ಎಡಗೈ ಕುಡುಗೋಲು

ಮುದ್ದು ಅಕ್ಕಾ,

ಮದುವೆಯಾಗಿ ಹದಿನೆಂಟೇ ದಿನ, ಆಗಲೇ ನಿನ್ನ ತಂಗಿ ಪಕ್ಕಾ ರೈತಳಾಗಿಬಿಟ್ಟಿದ್ದಾಳೆ! ಕೊಯ್ಲು ಮುಗಿಯಿತಲ್ಲ, ನಿನ್ನೆ ನಾವಿಬ್ಬರೂ ಶೆಡ್ಡಿನ ಹಳೆಯ ಸಾಮಾನನ್ನೆಲ್ಲ ಹೊರಗೆ ಹಾಕಿ, ಮಣ್ಣು ಕೆರೆದು, ಸೀಮೆಎಣ್ಣೆಯಲ್ಲಿ ತುಕ್ಕು ತಿಕ್ಕಿ, ಒಣಗಿಸಿ ಗ್ರೀಸ್ ಬಳಿದೆವು. ಇವರು ನನ್ನ ಮೂಗಿಗೂ ಒಂದಿಷ್ಟು ಬಳಿದು, "ಇನ್ನು ನೂರು ವರ್ಷ ನಿನಗೂ ತುಕ್ಕು ಹಿಡಿಯಲ್ಲ ಬಿಡು" ಎಂದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು!

ಗೂಟದಲ್ಲಿದ್ದ ಒಂದು ಕುಡುಗೋಲು ಮಾತ್ರ ಥಳಥಳ ಹೊಳೆಯುತ್ತಿತ್ತು. ಹಚ್ಚಿದ ಎಣ್ಣೆ ಇನ್ನೂ ಹಸಿಯಾಗಿತ್ತು. ಎಡಗೈಯವರಿಗೆಂದೇ ಮಸೆದ ಅಲಗು. ಅದರ ಹಿಡಿ ಅಳತೆ ಕೊಟ್ಟು ಮಾಡಿಸಿದಂತೆ ನನ್ನ ಕೈಯಲ್ಲಿ ಕೂತಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಅದು ಇವನ ಮೊದಲನೇ ಹೆಂಡತೀದು ಕಣಮ್ಮ. ಅವಳೂ ನಿನ್ನ ಹಾಗೇ ಎಡಚಿ. ಅವಳು ಹೋಗಿ ಐದು ವರ್ಷ ಆಯ್ತು, ಯಾರೂ ಮುಟ್ಟಿಲ್ಲ. ತುಕ್ಕು ಹಿಡಿದಿದೆಯಾ ನೋಡು" ಎಂದರು. ಇವರು ಗ್ರೀಸ್ ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋದರು.

ನೆನಪಿದೆಯಾ ಅಕ್ಕಾ, ನನ್ನನ್ನು ನೋಡಲು ಬಂದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಹುಡುಗಿ ಎಡಗೈಯಲ್ಲೇ ಬರೆಯೋದಾ?" ನಾವು ಎಷ್ಟು ನಕ್ಕಿದ್ದೆವು!

ನನಗೇನೂ ಭಯವಿಲ್ಲ, ಪ್ರಾಮಿಸ್. ಆದರೂ ಭಾನುವಾರ ಭಾವನ ಜೊತೆ ಬಂದು, ಅಮ್ಮನಿಗೆ ಹುಷಾರಿಲ್ಲವೆಂದು ಹೇಳಿ ನನ್ನನ್ನು ಕರೆದುಕೊಂಡು ಹೋಗು. ಬರುವಾಗ ಒಳ್ಳೆಯ ಸೋಪು ತಾ. ಎಡಗೈಗೆ ಅಂಟಿದ ಎಣ್ಣೆ ಎಷ್ಟು ತೊಳೆದರೂ ಮತ್ತೆ ಒಸರುತ್ತಿದೆ. ಅದಕ್ಕೇ ಈ ಪತ್ರವನ್ನು ಬಲಗೈಯಲ್ಲಿ ಬರೆದಿದ್ದೇನೆ. ಸೊಟ್ಟ ಅಕ್ಷರ ನೋಡಿ ನಗಬೇಡ.

ನಿನ್ನ ದಾರಿ ಕಾಯುತ್ತಿರುವ,
ಪುಟ್ಟಿ