ಗಾಂಜಾ ಸೇದುವವನ ಮುಖ

ಅಣ್ಣಾ,

ಇದನ್ನು ಯಾವ ವಿಳಾಸಕ್ಕೆ ಕಳಿಸಲಿ, ಗೊತ್ತಿಲ್ಲ. ಇವತ್ತು ಸೀರಿಯಲ್‌ನಲ್ಲಿ ಗಾಂಜಾ ಸೇದುವವನ ಪಾತ್ರಕ್ಕೆ ಮೇಕಪ್ ಮಾಡಿದೆ. ರೂಢಿಯಂತೆ ಕಣ್ಣಂಚಿಗೆ ಕೆಂಪು, ಕಣ್ಣ ಕೆಳಗೆ ಕಪ್ಪು ಹಚ್ಚಿದೆ. ನಿರ್ದೇಶಕರು ಬಿದ್ದು ಬಿದ್ದು ನಕ್ಕರು.

"ಅಯ್ಯೋ, ಇದ್ಯಾವ ಕಾಲದ ಸಿನಿಮಾ ಮೇಡಂ? ಆಗ ಗಾಂಜಾ ಸೇದುವವನು ಅಂದ್ರೆ ಕೊಲೆಗಾರ. ಈಗ ಹೀರೋ ಫ್ರೆಂಡು, ಕಾಮಿಡಿ! ಮುಖ ತೊಳೆಸಿ."

ಅಪ್ಪ ನೋಡಿದ್ದು ಆ ಹಳೇ ಸಿನಿಮಾಗಳನ್ನೇ. ಗಾಂಜಾ ಸೇದುತ್ತೀಯೆಂದು ನಿನ್ನನ್ನು ಮನೆಯಿಂದ ಹೊರಗೆ ಹಾಕಿದಾಗ ಅವರು ತೊಟ್ಟಿದ್ದ ಅಂಗಿಗೆ ಇಸ್ತ್ರಿ ಮಾಡಿದ್ದವನು ನೀನೇ. ನೀನು ಕೊಲೆಗಾರನಂತೂ ಅಲ್ಲ. ಆದರೆ ಸಂಜೆಯಾದರೆ ಮಾತೇ ಆಡದೆ ಕೂರುತ್ತಿದ್ದೆಯಲ್ಲ, ಅದು ಕಾಮಿಡಿಯೇ?

ನಟ ಮುಖ ತೊಳೆದು ಬಂದು ಕೂತ. "ಈಗೇನು ಹಚ್ತೀರಕ್ಕಾ?"

ಬ್ರಷ್ ಹಿಡಿದು ನಿನ್ನ ಮುಖ ನೆನಪಿಸಿಕೊಳ್ಳಲು ನೋಡಿದೆ ಅಣ್ಣಾ. ಸಿನಿಮಾದ ಗಾಂಜಾದವರ ಮುಖಗಳೇ ಬಂದವು.