ಸೂಗಪ್ಪ ನುಂಗಿದ ಗುಳಿಗೆ

ವಾಡಿ, ಫೆಬ್ರವರಿ ೧೯೫೪

ದಂಡೋತಿಯ ಅಕ್ಕನಿಗೆ ತಮ್ಮ ಅಮೃತಪ್ಪನ ಶರಣು.

ನೀನು ಕೇಳಿದ ಸೀನಿನ ಗುಳಿಗೆ ಬೇರೆ ಟಪಾಲಿನಲ್ಲಿ ಬರುತ್ತದೆ. ಇಲ್ಲಿಯ ಡಾಕ್ಟರು ಅದನ್ನೇ ಕಲ್ಲು ಸಾಗಿಸುವ ಬಂಡಿಯ ಸೂಗಪ್ಪನಿಗೂ ಕೊಟ್ಟು, “ಭಾಳ ನಿದ್ದಿ ಬರ್ತದ, ಬಂಡಿ ಹೊಡಿಬ್ಯಾಡ” ಎಂದಿದ್ದರು. “ನಾ ಮಕ್ಕೊಂಡ್ರೇನ್ರಿ, ಎತ್ತಿಗಿ ದಾರಿ ಗೊತ್ತದ” ಎಂದು ಅವನು ನುಂಗಿ ಹೊರಟ. ಎತ್ತುಗಳು ದಾರಿ ತಪ್ಪಲಿಲ್ಲ. ಆದರೆ ಇಲ್ಲಿ ಆ ದಾರಿಗೆ ರೈಲು ಹಳಿ ಅಡ್ಡ ಇದೆ. ರೈಲು ಅಷ್ಟು ಕೂಗಿದರೂ ಅವನು ಗೋಣಿಚೀಲದ ಮೇಲೆ ಮಲಗಿಯೇ ಇದ್ದುದನ್ನು ಕಣ್ಣಾರೆ ಕಂಡೆ. ನಿನ್ನೆ ಮಣ್ಣು ಮಾಡಿದೆವು.

ನೀನು ಮಲಗುವ ಮುಂಚೆ ಒಂದೇ ನುಂಗು, ಆಮೇಲೆ ಒಲೆಯ ಮುಂದೆ ಕೂರಬೇಡ. ನಾನು ಆರಾಮಿದ್ದೇನೆ. ಕಾರ್ಡು ತುಂಬಿತು. ರಾಶಿ ಕಾಲಕ್ಕೆ ಮಾವನಿಗೂ ಸೀನು ಹತ್ತುತ್ತದೆ, ಅವರೂ ಬಂಡಿಯಲ್ಲೇ ಮಲಗುವವರು. ಪೊಟ್ಟಣ ಅವರಿಗೆ ಕಾಣದಂತೆ ಇಡು.