ದರ್ಗಾದ ಗೋಡೆಯ ಹಸಿರು ಟೈಲ್ಸು

ಕೆಫ್
೧೪ ಮಾರ್ಚ್ ೨೦೧೭

ಕಂದಾ ವಜ್ದಿ,

ಕೆಮ್ಮು ಹೇಗಿದೆ? ಇಟಲಿಯ ಆ ಪಲೆರ್ಮೊ ಬಂದರಿನಲ್ಲಿ ಗಾಳಿ ಜಾಸ್ತಿಯಂತೆ, ಎದೆಗೆ ಏನಾದರೂ ಸುತ್ತಿಕೊಂಡು ಕೆಲಸಕ್ಕೆ ಹೋಗು. ನಾನು ಚೆನ್ನಾಗಿದ್ದೇನೆ, ಮೆಟ್ಟಿಲು ಕಂಡರೆ ಮಾತ್ರ ಮಂಡಿ ಮುನಿಸಿಕೊಳ್ಳುತ್ತದೆ. ಈಗ ಬರೆಯುವುದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ.

ನಮ್ಮ ಬೀದಿಯ ಸಂತಮ್ಮ ಲಲ್ಲಾ ಮಹ್ಬೂಬಾಳ ದರ್ಗಾವನ್ನು ರಿಪೇರಿ ಮಾಡುತ್ತೇವೆಂದು ಚಳಿಗಾಲದಲ್ಲಿ ಒಂದು ಗುಂಪು ಬಂತು. ಭಾನುವಾರ ಬರುತ್ತಾರೆ, ಕೂಲಿ ಕೇಳುವುದಿಲ್ಲ. ಮುಂದಾಳು ದೊರ್ಸಾಫ್ ಎಂಬ ಹುಡುಗಿ, ಟ್ಯೂನಿಸ್‌ನಲ್ಲಿ ಹಳೆಯ ಕಟ್ಟಡಗಳ ವಿಷಯ ಓದಿದವಳು. ಯಾರಾದರೂ ಪುಕ್ಕಟೆ ಬೆವರು ಸುರಿಸುತ್ತಾರೆಯೇ? ನನಗೆ ಮೊದಲ ದಿನವೇ ಅನುಮಾನ. ನಿನ್ನ ಭಾವೀ ಮಾವ ಲಮೀನ್ ಸುಣ್ಣ, ಮರಳು ಹೊರಲು ತನ್ನ ಪಿಕಪ್ ಕೊಟ್ಟು ಅವರ ಜೊತೆ ಸೇರಿದ ಮೇಲೆ ಸ್ವಲ್ಪ ಸಮಾಧಾನವಾಯಿತು, ನಮ್ಮವನೊಬ್ಬ ಒಳಗಿದ್ದಾನಲ್ಲ ಎಂದು.

ಸಮಾಧಿ ಕೋಣೆಯ ಹಸಿರು ಟೈಲ್ಸನ್ನು ತೊಳೆಯಲೆಂದು ಬಿಚ್ಚಿದರು. ಮರಳಿ ಕೂರಿಸಿದಾಗ ನಡುನಡುವೆ ಹೊಸವು, ಬಚ್ಚಲುಮನೆಯವುಗಳ ಹಾಗೆ ಫಳಫಳ. ಕೇಳಿದರೆ ದೊರ್ಸಾಫ್, “ಕೆಲವು ಒಡೆದುಹೋದವಂತೆ ಚಿಕ್ಕಮ್ಮಾ, ಚೂರೆಲ್ಲ ಗೋದಾಮಿನಲ್ಲಿವೆ” ಎಂದಳು. ಗೋದಾಮಿಗೆ ಸಾಗಿಸಿದವನು ಲಮೀನ್. ಅವನೇ ನನ್ನ ಕಿವಿಯಲ್ಲಿ, “ಮಬ್ರೂಕಾ, ಆ ಹುಡುಗಿ ಮೇಲೆ ಒಂದು ಕಣ್ಣಿಟ್ಟಿರು. ಹಳೇ ಸಾಮಾನಿಗೆ ಟ್ಯೂನಿಸ್‌ನಲ್ಲಿ ಗಿರಾಕಿಗಳು ಬಹಳ” ಎಂದ. ನಂಬಿದೆ. ಕಾವಲಿಗೆಂದೇ ನಾನೂ ಗುಂಪಿಗೆ ಸೇರಿ ಗಾರೆ ಕಲಸತೊಡಗಿದೆ. ಒಂದು ಭಾನುವಾರ ತಡೆಯಲಾರದೆ ಎಲ್ಲರೆದುರು ಅವಳನ್ನು ಕಳ್ಳಿ ಎಂದುಬಿಟ್ಟೆ. ಅವಳು ತನ್ನ ಚೀಲವನ್ನು ಬುಡಮೇಲು ಮಾಡಿದಳು. ಬ್ರಷ್ಷು, ಕನ್ನಡಕ, ಅರ್ಧ ತಿಂದ ರೊಟ್ಟಿ. ಆದರೂ ನನ್ನ ಅನುಮಾನ ಹೋಗಲಿಲ್ಲ. ಜಾಣ ಕಳ್ಳರು ಚೀಲದಲ್ಲಿಟ್ಟುಕೊಳ್ಳುತ್ತಾರೆಯೇ ಎಂದುಕೊಂಡೆ.

ಹೋದ ಗುರುವಾರ ನಿನ್ನ ಖೌಲಾ, ಮದುವೆಗೆಂದು ಅವಳಪ್ಪ ಲಮೀನ್ ಕಟ್ಟಿಸುತ್ತಿರುವ ಮನೆಗೆ ಪರದೆಯ ಅಳತೆ ತೆಗೆಯಲು ನನ್ನನ್ನು ಕರೆದೊಯ್ದಳು. ಅಂಗಳದ ನಲ್ಲಿಯ ಹಿಂದಿನ ಗೋಡೆಗೆ ಗೋಣಿತಾಟು ಇಳಿಬಿಟ್ಟಿದ್ದರು. ಎತ್ತಿದೆ. ಅವೇ ಟೈಲ್ಸು, ವಜ್ದಿ! ನಮ್ಮಮ್ಮನಂಥವರು ಮೇಣದಬತ್ತಿ ಹಚ್ಚಿ ಹಚ್ಚಿ ಮೂಲೆಗಳಿಗೆ ಹಿಡಿಸಿದ ಮಸಿ ಉಜ್ಜಿದರೂ ಹೋಗಿರಲಿಲ್ಲ. “ಇಟಲಿಯಿಂದ ತರಿಸಿದ್ದು ಅಂದಿದ್ರು ಅಪ್ಪ” ಎನ್ನುತ್ತ ಖೌಲಾ ಆ ಮಸಿಯ ಮೇಲೆ ಬೆರಳಾಡಿಸಿದಳು.

ಅಷ್ಟರಲ್ಲಿ ಲಮೀನ್ ಬಂದ. ನಾಚಿಕೆಯೂ ಇಲ್ಲ. “ಏನೀಗ? ಆ ಪಾಳುಗೋಡೆ ಮೇಲೆ ಯಾರು ನೋಡ್ತಿದ್ರು ಇವನ್ನ? ನಿನ್ನ ಮಗನ ಮನೆಗೇ ತಾನೇ ಹಾಕಿಸಿದ್ದು ಬೀಗಿತ್ತಿ!”

“ಲಲ್ಲಾಳ ಮನೆ ಕಿತ್ತು ನನ್ನ ಮಗನಿಗೆ ಮನೆ ಕಟ್ತೀಯಾ?” ಎಂದೆ. ಇನ್ನೂ ಏನೇನೋ ಅಂದೆ, ಅದನ್ನು ಬರೆಯಬಾರದು.

ದೊರ್ಸಾಫ್‌ಳನ್ನು ಕರೆತಂದವಳು ಖೌಲಾ. ಮೊನ್ನೆ ಭಾನುವಾರ ಗುಂಪಿನವರೆಲ್ಲ ಸೇರಿ ಉಳಿ ಹಿಡಿದು ಅವನ್ನು ಬಿಡಿಸಿದರು. ಕೆಲವು ನಿಜವಾಗಿಯೂ ಒಡೆದವು. ಒಡೆದಾಗಲೆಲ್ಲ ಹುಡುಗಿ ತುಟಿ ಕಚ್ಚುತ್ತಿದ್ದಳು. ಮರಳಿ ದರ್ಗಾದಲ್ಲಿ ಕೂರಿಸಲು ಗಾರೆ ಕಲಸುತ್ತ ನಾನು ಕ್ಷಮೆ ಕೇಳಿದೆ. “ಚಿಕ್ಕಮ್ಮಾ, ಗಾರೆಗೆ ನೀರು ಜಾಸ್ತಿಯಾಯ್ತು ನೋಡಿ” ಎಂದಳು, ಅಷ್ಟೇ. ಖೌಲಾ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಈಗ ನಮ್ಮ ಮನೆಯಲ್ಲೇ ಇದ್ದಾಳೆ, ನಿನ್ನ ಮಂಚ ಅವಳಿಗೆ ಕೊಟ್ಟಿದ್ದೇನೆ.

ಹೊತ್ತು ಹೊತ್ತಿಗೆ ಊಟ ಮಾಡು. ಲಲ್ಲಾ ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ.

ನಿನ್ನ ತಾಯಿ
ಮಬ್ರೂಕಾ

ಅವಸರದಲ್ಲಿ ಮತ್ತೆರಡು ಮಾತು: ಗುರುವಾರ ಆ ಮನೆಯಿಂದ ಹೊರಡುವಾಗ ಲಮೀನ್ ನನಗೊಬ್ಬಳಿಗೇ ಕೇಳುವಂತೆ, “ನಿನ್ನ ಮಗನ್ನೇ ಕೇಳು. ಟೈಲ್ಸು ಎಲ್ಲಿಯವು ಅಂತ ಹೇಳಿಯೇ ಫೋಟೋ ಕಳಿಸಿದ್ದೆ. ಹಾಕಿಸಿ ಮಾವ ಅಂದವನು ಅವನೇ” ಎಂದ. ಅವನು ಸುಳ್ಳ, ಬಲ್ಲೆ. ಆದರೂ ಆವತ್ತಿನಿಂದ ನಿನಗೆ ಫೋನು ಮಾಡಿಲ್ಲ. ಖೌಲಾಳಿಗೆ ಹೇಳಿಲ್ಲ. ನಿನಗೆ ಗೊತ್ತಿರಲಿಲ್ಲವಾದರೆ ನನಗೆ ಬರೆ. ಗೊತ್ತಿದ್ದರೆ ನನಗಲ್ಲ, ಅವಳಿಗೆ ಬರೆ.